ಪಾಯ ತೋಡುವ ಮೊದಲು ಎತ್ತಿಟ್ಟ ಎಂಟು ಇಂಚು ಮಣ್ಣು

ಕೋಲಾರದಲ್ಲಿ ನಾವು ಮನೆ ಕಟ್ಟಿ ಎರಡು ಬೇಸಿಗೆ ಕಳೆದವು. ಮನೆ ಮುಂದೆ 300 ಚದರಡಿ ಗರಿಕೆ ಬೆಳೆಸಿದ್ದೇವೆ. ಈ ಏಪ್ರಿಲ್‌ನಲ್ಲಿ ಅದಕ್ಕೆ ನಾಲ್ಕು ದಿನಕ್ಕೊಮ್ಮೆ ನೀರು ಹಾಕಿದೆ. ಹಸಿರಾಗಿಯೇ ಇತ್ತು. ನೋಡಿದವರು ಇದು ಯಾವ ಜಾತಿ ಹುಲ್ಲು, ಎಲ್ಲಿಂದ ತಂದಿರಿ, ಏನು ಗೊಬ್ಬರ ಹಾಕ್ತೀರಿ ಅಂತ ಕೇಳುತ್ತಾರೆ. ಹುಲ್ಲು ನಮ್ಮಪ್ಪನ ಹೊಲದ ಬದುವಿನದು. ವಿಷಯ ಇರುವುದು ಅದರ ಕೆಳಗಿನ ಮಣ್ಣಿನಲ್ಲಿ. ಆ ಮಣ್ಣು ಉಳಿಸಿಕೊಳ್ಳಲು ಹತ್ತಿರ ಹತ್ತಿರ ಒಂದು ವರ್ಷ ಏನೇನು ಮಾಡಿದೆವು, ಎಲ್ಲಿ ಎಡವಿದೆವು ಅನ್ನುವುದನ್ನು ಬರೆಯುತ್ತಿದ್ದೇನೆ. ಮನೆ ಕಟ್ಟಿಸಲು ಹೊರಟವರಿಗೆ ಜೆಸಿಬಿ ಬರುವ ಮೊದಲೇ ಇದು ಓದಲು ಸಿಗಲಿ.

ಇದಕ್ಕೆ ಮೊದಲು ಮೂರು ವರ್ಷ ಇದೇ ಊರಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಹೊಸ ಮನೆ, ಮುಂದೆ ಚಂದದ ಲಾನ್. ಚಾಪೆಯ ಹಾಗೆ ಸುರುಳಿ ಸುತ್ತಿ ಮಾರುತ್ತಾರಲ್ಲ, ಆ ಹುಲ್ಲು ತಂದು ಹಾಸಿದ್ದರು. ಮೊದಲ ಎರಡು ತಿಂಗಳು ಕಣ್ಣಿಗೆ ಹಬ್ಬ. ಆಮೇಲೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಹಾಕಿದರೂ ಮಧ್ಯಾಹ್ನದ ಹೊತ್ತಿಗೆ ಹುಲ್ಲು ಬಾಡಿ ಮಲಗುತ್ತಿತ್ತು. ಪೈಪು ಹಿಡಿದು ಎರಡು ನಿಮಿಷ ಆಗುವಷ್ಟರಲ್ಲಿ ನೀರು ಗೇಟಿನ ಕೆಳಗಿಂದ ರಸ್ತೆಗೆ ಹರಿದು ಹೋಗುತ್ತಿತ್ತು. ಮಾರ್ಚ್ ಬಂದರೆ ಟ್ಯಾಂಕರ್ ನೀರು. ಕುಡಿಯಲು, ಅಡುಗೆಗೆ ಅಂತ ದುಡ್ಡು ಕೊಟ್ಟು ತರಿಸಿದ ನೀರು ಹೀಗೆ ಮೋರಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ಒಂದು ಭಾನುವಾರ ದಾಸವಾಳದ ಗಿಡ ನೆಡೋಣ ಅಂತ ಅಲ್ಲಿ ಗುಂಡಿ ತೆಗೆದೆ. ಎರಡು ಇಂಚು ಕೆಮ್ಮಣ್ಣು. ಅದರ ಕೆಳಗೆ ಇಟ್ಟಿಗೆ ಚೂರು, ಜಲ್ಲಿ, ಗಟ್ಟಿಯಾದ ಗಾರೆ, ಹರಿದ ಸಿಮೆಂಟ್ ಚೀಲ. ಅದಕ್ಕೂ ಕೆಳಗೆ ಹಾರೆ ಹಾಕಿದರೆ ಠಣ್ ಅನ್ನುವ ನೆಲ. ಹುಲ್ಲಿನ ಬೇರೆಲ್ಲ ಆ ಎರಡು ಇಂಚಿನಲ್ಲೇ ಸುತ್ತಿಕೊಂಡು ಜಡೆಯಾಗಿತ್ತು. ಪಾಪ, ಅದು ಎಲ್ಲಿಗೆ ಹೋಗಬೇಕು?

ಆಮೇಲೆ ಕೂತು ಲೆಕ್ಕ ಹಾಕಿದೆ. ನಾನು ಲೆಕ್ಕಪತ್ರದ ಕೆಲಸ ಮಾಡುವವಳು, ಕಾಗದದ ಮೇಲೆ ಬರೆಯದೆ ನನಗೆ ಯಾವುದೂ ತಲೆಗೆ ಹೋಗುವುದಿಲ್ಲ. ನಮ್ಮ ಕಡೆಯ ಮರಳು ಮಿಶ್ರಿತ ಕೆಂಪು ಮಣ್ಣು ಒಂದು ಅಡಿ ಆಳಕ್ಕೆ ಸುಮಾರು ಒಂದೂಕಾಲು ಇಂಚು ನೀರನ್ನು ಬೇರಿಗೆ ಸಿಗುವ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಎರಡು ಇಂಚು ಮಣ್ಣಿದ್ದರೆ ಅದರಲ್ಲಿ ನಿಲ್ಲುವುದು ಸುಮಾರು 5 ಮಿಲಿಮೀಟರ್ ನೀರು. ಬಿರು ಬೇಸಿಗೆಯಲ್ಲಿ ಹುಲ್ಲು ಒಂದು ದಿನಕ್ಕೆ ಕುಡಿಯುವುದೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಒಂದು ದಿನದ ಬುತ್ತಿ. ಅದಕ್ಕಿಂತ ಜಾಸ್ತಿ ಹಾಕಿದ ನೀರಿಗೆ ನಿಲ್ಲಲು ಜಾಗವಿಲ್ಲ, ಹರಿದು ಹೋಗುತ್ತದೆ. ಅದೇ ಎಂಟು ಇಂಚು ಒಳ್ಳೆ ಮಣ್ಣಿದ್ದರೆ ನಾಲ್ಕು ದಿನದ ಬುತ್ತಿ. ಒಳಗೆ ಹೋದ ನೀರನ್ನು ಹುಲ್ಲು ಕುಡಿಯುವುದು ಎರಡು ಕಡೆಯೂ ಒಂದೇ. ರಸ್ತೆಗೆ ಹರಿಯುವುದು, ದಿನಾ ಮೇಲ್ಮೈ ಒದ್ದೆ ಮಾಡಿ ಬಿಸಿಲಿಗೆ ಆರಿಸುವುದು, ಬಿದ್ದ ಮಳೆಯನ್ನು ಹಿಡಿಯಲಾರದೆ ಬಿಡುವುದು, ಈ ಮೂರು ನಷ್ಟ ತಪ್ಪುತ್ತವೆ.

ನಮ್ಮ ಊರಿಗೆ ಈ ಲೆಕ್ಕ ಎಷ್ಟು ಮುಖ್ಯ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ವರ್ಷವಿಡೀ ಹರಿಯುವ ಒಂದು ನದಿ ನಮ್ಮ ಜಿಲ್ಲೆಯಲ್ಲಿಲ್ಲ. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ, ಪೈಪಿನಲ್ಲಿ ಇಷ್ಟು ದೂರ ತಂದು, ಅಂತರ್ಜಲ ಏರಲಿ ಅಂತ ಕೆರೆ ತುಂಬಿಸುತ್ತಿದ್ದೇವೆ. ಅಂಥ ಊರಲ್ಲಿ ಬೋರ್‌ವೆಲ್ ನೀರನ್ನು ಎರಡು ಇಂಚು ಮಣ್ಣಿನ ಮೇಲೆ ಸುರಿದು ಮೋರಿಗೆ ಬಿಡುವುದು ಸರಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಸ್ವಂತ ಮನೆಯ ಪ್ಲಾನ್ ಮಾಡಿಸುತ್ತಿದ್ದಾಗ ಅಮೆರಿಕದಿಂದ ತಮ್ಮ ಫೋನ್ ಮಾಡಿದ್ದ. ಅವನು ಇರುವುದು ಕೊಲೊರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿ. ಅಲ್ಲಿ ಹೊಸ ಮನೆ ತೆಗೆದುಕೊಂಡಿದ್ದ. ‘ಅಕ್ಕಾ, ಇಲ್ಲಿ ಮಣ್ಣು ಸರಿಮಾಡದೆ ಮನೆಯೊಳಗೆ ಹೋಗಲು ಸರ್ಟಿಫಿಕೇಟೇ ಕೊಡುವುದಿಲ್ಲ’ ಅಂದ. ನನಗೆ ನಂಬಲಾಗಲಿಲ್ಲ. ಅವನು ನಿಯಮದ ಕಾಗದವನ್ನೇ ಕಳಿಸಿದ. ಗಿಡ, ಹುಲ್ಲು ಬೆಳೆಸುವ ಜಾಗದ ಮಣ್ಣನ್ನು ಕನಿಷ್ಠ 8 ಇಂಚು ಸಡಿಲ ಮಾಡಬೇಕು. 1,000 ಚದರಡಿಗೆ 3 ಘನ ಗಜದಷ್ಟು ಕಾಂಪೋಸ್ಟ್ ಥರದ ಗೊಬ್ಬರ ಹಾಕಿ ಕನಿಷ್ಠ 6 ಇಂಚು ಆಳದವರೆಗೆ ಬೆರೆಸಬೇಕು. ಹಾಗೆ ಮಾಡಿದ್ದೇವೆ ಅಂತ ಬರೆದು ಕೊಡಬೇಕು. ಆಮೇಲೇ ವಾಸದ ಪರವಾನಗಿ. ಅಲ್ಲಿಯೂ ಮಳೆ ಕಡಿಮೆ, ವರ್ಷಕ್ಕೆ ಸುಮಾರು 400 ಮಿಲಿಮೀಟರ್. ಬೇಸಿಗೆಯಲ್ಲಿ ಮನೆಗಳ ನೀರಿನ ದೊಡ್ಡ ಪಾಲು ಹುಲ್ಲಿಗೇ ಹೋಗುತ್ತದೆ. ಅದಕ್ಕೇ ನೀರು ಉಳಿಸುವ ಕೆಲಸವನ್ನು ಅವರು ನಲ್ಲಿಯ ಹತ್ತಿರ ನಿಲ್ಲಿಸದೆ ಮಣ್ಣಿನವರೆಗೂ ತಂದಿದ್ದಾರೆ.

ಆ 3 ಘನ ಗಜವನ್ನು ನಮ್ಮ ಲೆಕ್ಕಕ್ಕೆ ತಂದರೆ 81 ಘನ ಅಡಿ. ನಮ್ಮಲ್ಲಿ ಒಂದು ಟ್ರ್ಯಾಕ್ಟರ್ ಲೋಡ್ ಅಂದರೆ ಸುಮಾರು 100 ಘನ ಅಡಿ. ಸಾವಿರ ಚದರಡಿಗೆ ಒಂದು ಲೋಡಿಗೂ ಕಡಿಮೆ ಗೊಬ್ಬರ, ಹರಡಿದರೆ ಒಂದು ಇಂಚು ದಪ್ಪ. ಇದು ನಮ್ಮ ಕೈಲಾಗದ ಕೆಲಸವೇನೂ ಅಲ್ಲ ಅಂತ ಆಗಲೇ ಅನ್ನಿಸಿತು. ವಾಷಿಂಗ್ಟನ್ ರಾಜ್ಯದ ಮಳೆನೀರಿನ ಕೈಪಿಡಿಯಲ್ಲಿ ಇನ್ನೊಂದು ಅಳತೆ ಸಿಕ್ಕಿತು. ಕಟ್ಟಡ ಮುಗಿದ ಮೇಲೆ 8 ಇಂಚು ಮೇಲ್ಮಣ್ಣು ಇರಬೇಕು, ಅದರ ಕೆಳಗಿನ 4 ಇಂಚನ್ನೂ ಕೆದಕಿ ಸಡಿಲಿಸಬೇಕು. ನಾನು ಎಂಟು ಇಂಚು ಅಂತ ಪಟ್ಟು ಹಿಡಿದದ್ದು ಇಲ್ಲಿಂದ.

ನಮ್ಮ ದೇಶದಲ್ಲಿ ಇಂಥದ್ದು ಇಲ್ಲವೇ ಇಲ್ಲ ಅಂತಲ್ಲ. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ ಪರಿಸರ ಅನುಮತಿ ಬೇಕು. ಆ ಅನುಮತಿಯ ಷರತ್ತುಗಳಲ್ಲಿ ಮೇಲಿನ 20 ಸೆಂಟಿಮೀಟರ್ ಮಣ್ಣು ತೆಗೆದು, ಬೇರೆ ಇಟ್ಟು, ಗಿಡ ನೆಡುವಾಗ ವಾಪಸ್ ಹಾಕಿ ಅನ್ನುವ ಸಾಲು ಇರುತ್ತದೆ. 20 ಸೆಂಟಿಮೀಟರ್ ಅಂದರೆ ಅದೇ ಎಂಟು ಇಂಚು. ಆದರೆ ನಮ್ಮದು 40 ಅಡಿ 60 ಅಡಿಯ ಸೈಟು, ಚದರ ಮೀಟರ್ ಲೆಕ್ಕದಲ್ಲಿ 223. ನಮ್ಮ ಪ್ಲಾನ್ ಮಂಜೂರಾಗಿ ಬಂದಾಗ ಕಾಗದಗಳನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಎಷ್ಟು ಜಾಗ ಬಿಡಬೇಕು ಅಂತ ಇತ್ತು, ಮಳೆನೀರು ಕೊಯ್ಲಿನ ಗುಂಡಿ ಇತ್ತು. ಮೇಲ್ಮಣ್ಣಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಊರು ಬೆಳೆಯುತ್ತಿರುವುದು ನಮ್ಮಂಥ ಸಣ್ಣ ಸೈಟುಗಳಿಂದಲೇ ಅಲ್ವಾ? ಒಂದೊಂದು ಲೇಔಟಿನಲ್ಲಿ ಇನ್ನೂರು, ಮುನ್ನೂರು ಮನೆ. ಅಷ್ಟೂ ಕಡೆ ಹೊಲದ ಮಣ್ಣು ಪಾಯದ ಮಣ್ಣಿನ ಜತೆ ಬೆರೆತು ಹಾಳಾಗುತ್ತಿದೆ.

ಅಪ್ಪನನ್ನು ವೇಮಗಲ್ ಕಡೆಯಿಂದ ಕರೆಸಿಕೊಂಡೆ. ಅವರು ಜೀವನವಿಡೀ ರಾಗಿ, ಅವರೆ ಬೆಳೆದವರು. ಸೈಟಿನ ಮೂಲೆಯಲ್ಲಿ ಎರಡು ಅಡಿ ಗುಂಡಿ ತೆಗೆಸಿದರು. ಕೂತು ಗುಂಡಿಯ ಗೋಡೆಯನ್ನು ಬೆರಳಲ್ಲಿ ಕೆರೆಯುತ್ತಾ ತೋರಿಸಿದರು. ಮೇಲಿನ ಎಂಟೊಂಬತ್ತು ಇಂಚು ಕಂದು ಬಣ್ಣ, ಅದರಲ್ಲಿ ಸಣ್ಣ ಸಣ್ಣ ಬೇರು, ಎರೆಹುಳದ ತೂತು. ಕೈಗೆ ತೆಗೆದುಕೊಂಡರೆ ಉದುರುದುರು. ಅದರ ಕೆಳಗೆ ಕಡು ಕೆಂಪು, ಜಿಗುಟು. ಇನ್ನೂ ಕೆಳಗೆ ಗರಸು. ‘ನೋಡಮ್ಮ, ಇದು ರಾಗಿ ಹೊಲ ಆಗಿದ್ದ ಜಾಗ. ಎಷ್ಟು ತಲೆಮಾರು ತಿಪ್ಪೆ ಗೊಬ್ಬರ ಹೊಡೆದಿದ್ದಾರೋ. ಕೆಳಗಿನದು ಮಣ್ಣೇ, ಆದರೆ ಅನ್ನ ಕೊಡುವ ಮಣ್ಣಲ್ಲ’ ಅಂದರು. ಒಂದು ಇಂಚು ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು ಅಂತ ಪುಸ್ತಕದಲ್ಲಿ ಓದಿದ್ದೆ. ಗುಂಡಿಯ ಪಕ್ಕ ಅಪ್ಪನ ಜತೆ ಕೂತಾಗಲೇ ಅದು ಮನಸ್ಸಿಗೆ ಇಳಿದದ್ದು.

ಎರಡೂ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ಹಾಕಿ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟೆ. ಮೇಲಿನದರಲ್ಲಿ ಸಾವಯವ ಇಂಗಾಲ, ಅಂದರೆ ಕೊಳೆತ ಗಿಡ, ಗೊಬ್ಬರದಿಂದ ಮಣ್ಣಿಗೆ ಸೇರಿದ ಇಂಗಾಲ, ಶೇಕಡಾ 0.6 ಅಂತ ಬಂತು, ಮಧ್ಯಮ ಅನ್ನುವ ಗುಂಪು. ಕೆಳಗಿನದು 0.2, ಬಹಳ ಕಡಿಮೆ. ರಸಸಾರ (pH, ಮಣ್ಣು ಹುಳಿಯೋ ಕ್ಷಾರವೋ ಅಂತ ಹೇಳುವ ಅಂಕಿ, 7 ಅಂದರೆ ಎರಡೂ ಅಲ್ಲ) ಎರಡರಲ್ಲೂ 6.5ರ ಆಸುಪಾಸು. ಈ ಚೀಟಿ ಆಮೇಲೆ ತುಂಬಾ ಉಪಯೋಗಕ್ಕೆ ಬಂತು. ಮಣ್ಣು ಮುಟ್ಟುವ ಮೊದಲೇ ಪರೀಕ್ಷೆ ಮಾಡಿಸಿಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ.

ಕಂಟ್ರಾಕ್ಟರ್ ಹತ್ತಿರ ಮಾತಾಡುವುದು ಕಷ್ಟದ ಕೆಲಸವಾಗಿತ್ತು. ಅವರು ಕೆಟ್ಟವರಲ್ಲ, ಕೆಲಸ ಗೊತ್ತಿದ್ದವರು. ಆದರೆ ಮಣ್ಣನ್ನು ಎರಡು ರಾಶಿ ಮಾಡುವುದು ಅಂದರೆ ಅವರಿಗೆ ಅರ್ಥವೇ ಆಗಲಿಲ್ಲ. ‘ಜಾಗ ಎಲ್ಲಿದೆ ಮೇಡಂ? ಜಲ್ಲಿ, ಎಂ-ಸ್ಯಾಂಡ್, ಇಟ್ಟಿಗೆ ಎಲ್ಲಾ ಎಲ್ಲಿ ಇಳಿಸಲಿ? ಕೊನೆಗೆ ನಾಲ್ಕು ಲೋಡ್ ಕೆಮ್ಮಣ್ಣು ಹೊಡೆಸಿ ಕೊಡ್ತೀನಿ ಬಿಡಿ’ ಅಂದರು. ಆ ಕೆಮ್ಮಣ್ಣು ಎಲ್ಲಿಂದ ಬರುತ್ತದೆ ಅಂತ ಕೇಳಿದೆ. ಯಾವುದೋ ಗುಡ್ಡ ಅಗೆದಿದ್ದು, ಇಲ್ಲ ಇನ್ನೊಂದು ಸೈಟಿನ ಪಾಯದ್ದು. ಅಂದರೆ ಅಪ್ಪ ತೋರಿಸಿದ ಆ ಕೆಳಗಿನ ಮಣ್ಣು. ನಮ್ಮ ಒಳ್ಳೆ ಮಣ್ಣನ್ನು ಎಲ್ಲೋ ಹಳ್ಳಕ್ಕೆ ಸುರಿದು, ದುಡ್ಡು ಕೊಟ್ಟು ಜೀವವಿಲ್ಲದ ಮಣ್ಣು ತರಿಸಿಕೊಳ್ಳುವುದು!

ಜಾಗದ ಮಾತು ಮಾತ್ರ ನಿಜವಾಗಿತ್ತು. ಮನೆ ಕೂರುವ ಜಾಗ 1,300 ಚದರಡಿ. ಅಲ್ಲಿಂದ ಎಂಟು ಇಂಚು ತೆಗೆದರೆ ಒಂಬತ್ತು ಲೋಡಿನ ಹತ್ತಿರ ಮಣ್ಣು. ತೋಟಕ್ಕೆ ನಾವು ಬಿಟ್ಟುಕೊಂಡದ್ದು 700 ಚದರಡಿ. ಅಲ್ಲಿ ಎಂಟು ಇಂಚು ತುಂಬಲು ಐದು ಲೋಡ್ ಸಾಕು, ನಷ್ಟಕ್ಕೆ ಇರಲಿ ಅಂತ ಇನ್ನೊಂದು. ಪಕ್ಕದ ಖಾಲಿ ಸೈಟು ಬಂಗಾರಪೇಟೆಯ ನಿವೃತ್ತ ಮೇಷ್ಟ್ರೊಬ್ಬರದು. ಅವರ ಮನೆಗೇ ಹೋಗಿ ಕೇಳಿದೆವು. ‘ಅದಕ್ಕೇನಮ್ಮ, ಇಟ್ಟುಕೊಳ್ಳಿ’ ಅಂದರು. ಉಳಿದ ಮೂರು ಲೋಡನ್ನು ಅವರು ಹಾಕಿದ್ದ ನಾಲ್ಕು ತೆಂಗಿನ ಸಸಿಗಳ ಬುಡಕ್ಕೆ ಕೊಟ್ಟೆವು. ಕಂಟ್ರಾಕ್ಟರ್ ಜತೆಗಿನ ಕರಾರಿನಲ್ಲಿ ಈ ಮಾತುಗಳನ್ನು ಸೇರಿಸಿದೆವು: ‘ಪಾಯ ತೋಡುವ ಮೊದಲು ಮೇಲಿನ ಎಂಟು ಇಂಚು ಮಣ್ಣನ್ನು ತೆಗೆದು ಬೇರೆಯಾಗಿ ಇಡುವುದು. ಅದನ್ನು ತುಂಬುವುದಕ್ಕೆ ಬಳಸಬಾರದು. ಅದರ ಮೇಲೆ ಗಾಡಿ ಹತ್ತಿಸಬಾರದು, ಸಾಮಾನು ಇಡಬಾರದು.’ ಇದಕ್ಕೆ ಆದ ಖರ್ಚು ಜೆಸಿಬಿಯ ಎರಡು ಗಂಟೆ ಬಾಡಿಗೆ, ಅಷ್ಟೇ.

ಜೆಸಿಬಿ ಬರುವ ದಿನ ಬೆಳಗ್ಗೆ ಅಪ್ಪ ಸುತ್ತಲೂ ಗೂಟ ಹೊಡೆದು, ಒಂದು ಕಡ್ಡಿಗೆ ಎಂಟು ಇಂಚಿನ ಗುರುತು ಮಾಡಿ ಡ್ರೈವರ್ ಕೈಗೆ ಕೊಟ್ಟರು. ಆ ಹುಡುಗನಿಗೆ ವಿಷಯ ಬೇಗ ಅರ್ಥವಾಯಿತು. ಅವನ ಊರಲ್ಲೂ ಹೊಲ ಇದೆಯಂತೆ. ಬಕೆಟ್ಟಿನ ಹಲ್ಲು ಜಾಸ್ತಿ ಆಳ ಹೋಗದ ಹಾಗೆ ನಿಧಾನವಾಗಿ ಕೆರೆದ. ಹಿಂದಿನ ವಾರ ಮಳೆ ಬಂದು ಮಣ್ಣು ಆರಿ ಹದದಲ್ಲಿತ್ತು. ಒದ್ದೆ ಇದ್ದಾಗ ತೆಗೆದರೆ ಮಣ್ಣು ಹಿಸುಕಿ ಹೆಂಟೆಯಾಗುತ್ತದೆ, ಆಮೇಲೆ ಅದನ್ನು ಒಡೆಯುವುದು ಕಷ್ಟ. ಅದಕ್ಕೇ ಎರಡು ದಿನ ಕಾದಿದ್ದೆವು.

ರಾಶಿಯ ಎತ್ತರ ನಾಲ್ಕು ಅಡಿ ದಾಟಬಾರದು ಅಂತ ನಾನು ಹಟ ಹಿಡಿದೆ. ಎತ್ತರಕ್ಕೆ ಪೇರಿಸಿದರೆ ಅಡಿಯ ಮಣ್ಣಿಗೆ ಗಾಳಿ ಆಡುವುದಿಲ್ಲ, ಒಳಗಿನ ಜೀವ ಸಾಯುತ್ತದೆ. ಹತ್ತು ತಿಂಗಳು ಅದು ಅಲ್ಲೇ ಇರಬೇಕಿತ್ತು. ಸುಮ್ನೆ ಬಿಟ್ಟರೆ ಮಳೆಗೆ ಕೊಚ್ಚಿ ಹೋಗುತ್ತದೆ, ಇಲ್ಲವೇ ಪಾರ್ಥೇನಿಯಂ ತುಂಬಿಕೊಳ್ಳುತ್ತದೆ. ಅಪ್ಪ ಹುರುಳಿ ಮತ್ತು ಅಲಸಂದೆ ಚೆಲ್ಲಿದರು. ಎರಡೂ ಗಾಳಿಯ ಸಾರಜನಕವನ್ನು ಬೇರಿಗೆ ತಂದು ಕಟ್ಟುವ ಗಿಡಗಳು, ನೀರೂ ಅಷ್ಟಾಗಿ ಬೇಡ. ಹದಿನೈದು ದಿನದಲ್ಲಿ ರಾಶಿ ಹಸಿರು ಗುಡ್ಡೆಯಾಯಿತು. ಕೆಲಸಕ್ಕೆ ಬಂದು ಸೈಟಿನಲ್ಲೇ ಶೆಡ್ ಹಾಕಿಕೊಂಡಿದ್ದ ಕುಟುಂಬದವರು ಅಲಸಂದೆ ಕಾಯಿ ಕಿತ್ತು ಸಾರು ಮಾಡಿಕೊಳ್ಳುತ್ತಿದ್ದರು. ಆ ತಾಯಿ ನನಗೂ ಒಂದು ಸಲ ಮಡಿಲ ತುಂಬ ಕಾಯಿ ಕೊಟ್ಟಳು.

ಇಷ್ಟೆಲ್ಲ ಮಾಡಿಯೂ ಒಂದು ದಿನ ಮಣ್ಣು ಹೋಯಿತು. ಮುಳಬಾಗಿಲಿಗೆ ಮದುವೆಗೆ ಹೋಗಿದ್ದೆವು. ಮಾರನೇ ದಿನ ಬಂದು ನೋಡಿದರೆ ರಾಶಿಯ ಒಂದು ಮೂಲೆ ಇಲ್ಲ. ಬೇಸ್‌ಮೆಂಟ್ ತುಂಬಿಸಲು ಮಣ್ಣು ಕಡಿಮೆ ಬಿದ್ದಿತ್ತು, ಇಲ್ಲೇ ಇದೆಯಲ್ಲ ಅಂತ ಮಂಕರಿಯಲ್ಲಿ ಹೊತ್ತು ಹಾಕಿಬಿಟ್ಟಿದ್ದರು. ಒಂದೂವರೆ ಲೋಡ್ ಹೋಗಿತ್ತು. ನನಗೆ ಅಳುವೇ ಬಂತು. ‘ಮಣ್ಣು ಮಣ್ಣೇ ಅಲ್ವಾ ಅಕ್ಕಾ, ಬೇರೆ ತರಿಸಿದರಾಯ್ತು’ ಅಂದರು ಮೇಸ್ತ್ರಿ. ನಾನು ಕೂಗಾಡುವವಳೇ ಇದ್ದೆ. ಅಪ್ಪ ತಡೆದರು. ಅವರು ಮೇಸ್ತ್ರಿಯನ್ನು ಕರೆದು, ಹಿಡಿ ಮಣ್ಣು ಕೊಟ್ಟು, ‘ಇದರಲ್ಲಿ ಬೇರು, ಕಡ್ಡಿ, ಗೊಬ್ಬರ ಇದೆ ನೋಡಪ್ಪ. ನಾಳೆ ಇದು ಕೊಳೆತು ಕುಗ್ಗಿದರೆ ಮೇಲಿನ ನೆಲ ಏನಾಗುತ್ತದೆ?’ ಅಂತ ಕೇಳಿದರು. ಮೇಸ್ತ್ರಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನೆಲ ಕುಸಿದರೆ ಟೈಲ್ಸ್ ಬಿರುಕು ಬಿಡುತ್ತದೆ, ಹೆಸರು ಕೆಡುವುದು ಅವರದೇ. ತುಂಬಿದ್ದರಲ್ಲಿ ಮೇಲೆ ಸಿಕ್ಕಷ್ಟನ್ನು ತೆಗೆಸಿ ಹೊರಗೆ ಹಾಕಿಸಿದರು. ಅಷ್ಟೊತ್ತಿಗೆ ಅದು ಜಲ್ಲಿ ಪುಡಿ ಜತೆ ಬೆರೆತು ತೋಟಕ್ಕೆ ಬರದ ಹಾಗಾಗಿತ್ತು. ಆದರೆ ಅವತ್ತಿಂದ ರಾಶಿಯನ್ನು ಕಾದವರು ಅವರೇ. ಮೇಲ್ಮಣ್ಣು ಗಿಡಕ್ಕೆ ಒಳ್ಳೆಯದು ಅಂತ ಹೇಳಿದರೆ ಕಟ್ಟಡದವರು ಕೇಳುವುದಿಲ್ಲ. ಪಾಯಕ್ಕೆ ಅದು ಕೆಟ್ಟದ್ದು ಅಂತ ಹೇಳಿ, ತಕ್ಷಣ ಕೇಳುತ್ತಾರೆ.

ಮನೆಯ ಉಳಿದ ಕಥೆ ಎಲ್ಲರ ಮನೆಯ ಕಥೆಯೇ. ಗೋಡೆ, ಮೋಲ್ಡು, ಪ್ಲಾಸ್ಟರು, ಬಣ್ಣ. ಗೃಹಪ್ರವೇಶ ಆದ ಮೇಲೆ ತೋಟದ ಜಾಗದ ಕಡೆ ತಿರುಗಿದೆವು.

ಅಲ್ಲಿನ ಸ್ಥಿತಿ ನೋಡಿ ದಿಗಿಲಾಯಿತು. ಹತ್ತು ತಿಂಗಳು ಅದರ ಮೇಲೆ ಲಾರಿ ನಿಂತಿದೆ, ಇಟ್ಟಿಗೆ ಪೇರಿಸಿದ್ದಾರೆ, ಏಳೆಂಟು ಟನ್ ತೂಕದ ಜೆಸಿಬಿ ಓಡಾಡಿದೆ. ಒಂದು ಕಬ್ಬಿಣದ ಸರಳು ತೆಗೆದುಕೊಂಡು ಚುಚ್ಚಿದರೆ ಎರಡು ಬೆರಳಿನಷ್ಟೂ ಇಳಿಯಲಿಲ್ಲ. ಒಂದು ಅಡಿ ಗುಂಡಿ ತೆಗೆದು ನೀರು ತುಂಬಿ ಗಡಿಯಾರ ನೋಡಿದೆ. ಐದು ಗಂಟೆ ಆದರೂ ನೀರು ಅರ್ಧ ಇತ್ತು. ಇದರ ಮೇಲೆ ಎಂಟು ಇಂಚು ಬಂಗಾರದಂಥ ಮಣ್ಣು ಹಾಕಿದರೂ ಮಳೆಗಾಲದಲ್ಲಿ ಬೇರು ನೀರಲ್ಲಿ ನಿಂತು ಕೊಳೆಯುತ್ತದೆ, ಬೇಸಿಗೆಯಲ್ಲಿ ಕೆಳಗೆ ಇಳಿಯಲಾಗದೆ ಒಣಗುತ್ತದೆ. ಬಾಡಿಗೆ ಮನೆಯಲ್ಲಿ ಹಾರೆ ಠಣ್ ಅಂದದ್ದು ಇದಕ್ಕೇ ಅಂತ ಆಗ ಗೊತ್ತಾಯಿತು.

ಮೊದಲು ಮೇಲಿನ ಕಸವೆಲ್ಲ ತೆಗೆದೆವು. ಜಲ್ಲಿ, ಗಾರೆ, ತಂತಿ, ಟೈಲ್ಸ್ ಚೂರು. ಸುಮಾರು ಆರು ಇಂಚು ಮೇಲ್ಪದರವೇ ಹೋಯಿತು, ಅದನ್ನು ಕಾರು ನಿಲ್ಲಿಸುವ ಜಾಗದ ಕೆಳಗೆ ತುಂಬಿದೆವು. ಆಮೇಲೆ ನೆಲಕ್ಕೆ ನೀರು ಬಿಟ್ಟು ಮೂರು ದಿನ ಕಾದೆವು. ಹದ ಬಂದ ಮೇಲೆ ಇಬ್ಬರು ಆಳು ಪಿಕಾಸಿ ಹಿಡಿದು ಮೂರು ದಿನ ಅಗೆದರು. ಮಣ್ಣು ತಿರುಗಿಸಲಿಲ್ಲ, ಬಿರುಕು ಬಿಡುವ ಹಾಗೆ ಎಬ್ಬಿಸಿ ಬಿಟ್ಟರು ಅಷ್ಟೇ. ಅವರು ಅಗೆದ ಮೇಲೆ ಮತ್ತೆ ಅದೇ ಥರ ಗುಂಡಿ ತೆಗೆದು ನೀರು ತುಂಬಿದೆ. ಇಪ್ಪತ್ತೈದು ನಿಮಿಷಕ್ಕೆ ಇಂಗಿತು. ಮನೆಯವರನ್ನೆಲ್ಲ ಕೂಗಿ ಕರೆದು ತೋರಿಸಿದೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಸಂತೋಷ ಕೊಟ್ಟ ದಿನ ಅದು.

ಗೇಟಿನ ಹತ್ತಿರ ಗಾರೆ ಕಲಸಿದ ಜಾಗ ಒಂದಿತ್ತು. ಅಲ್ಲಿನ ಮಣ್ಣು ಬೂದಿ ಬಣ್ಣಕ್ಕೆ ತಿರುಗಿತ್ತು. ಪರೀಕ್ಷೆಗೆ ಕೊಟ್ಟರೆ ರಸಸಾರ 8.6. ಸಿಮೆಂಟಿನ ಸುಣ್ಣ ಇಳಿದದ್ದು. ಮೊದಲಿನ ಚೀಟಿ ಇದ್ದದ್ದರಿಂದ ವ್ಯತ್ಯಾಸ ಕಣ್ಣಿಗೆ ಕಟ್ಟಿತು. ಅಲ್ಲಿ ಹತ್ತು ಇಂಚು ಅಗೆದು ತೆಗೆಸಬೇಕಾಯಿತು. ಗಾರೆ ಕಲಸುವ ಜಾಗವನ್ನು ಮೊದಲೇ ಗೊತ್ತು ಮಾಡಿ, ತಗಡೋ ದಪ್ಪ ಪ್ಲಾಸ್ಟಿಕ್ಕೋ ಹಾಸಿಸಬೇಕಿತ್ತು. ಕರಾರಿನಲ್ಲಿ ಅದನ್ನು ಬರೆಸಲು ನನಗೆ ಹೊಳೆಯಲಿಲ್ಲ. ನೀವು ಬರೆಸಿ.

ಆಮೇಲೆ ರಾಶಿಯ ಮಣ್ಣು ವಾಪಸ್ ಬಂತು. ಹುರುಳಿ ಬಳ್ಳಿಯನ್ನು ಕತ್ತರಿಸಿ ಅದರಲ್ಲೇ ಬೆರೆಸಿದೆವು. ಸನಿಕೆ ಹಾಕಿದ ಕಡೆಯೆಲ್ಲ ಎರೆಹುಳ. ಹೋದ ಒಂದೂವರೆ ಲೋಡಿನಿಂದಾಗಿ ಮನೆಯ ಪಕ್ಕದ ಪಟ್ಟಿಗೆ ಆರು ಇಂಚಷ್ಟೇ ಸಿಕ್ಕಿತು, ಮುಂದಿನ ಭಾಗಕ್ಕೆ ಪೂರ್ತಿ ಎಂಟು. ಅದರ ಮೇಲೆ ತಮ್ಮ ಹೇಳಿದ ಅಳತೆಯಂತೆ ಒಂದು ಇಂಚು ಗೊಬ್ಬರ. 700 ಚದರಡಿಗೆ ಅರ್ಧ ಲೋಡಿಗಿಂತ ಸ್ವಲ್ಪ ಜಾಸ್ತಿ ಆಯಿತು.

ಕೆರೆ ಗೋಡು ಹಾಕೋಣ ಅಂತ ನನಗೆ ಆಸೆಯಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಎತ್ತಿನ ಗಾಡಿಯಲ್ಲಿ ಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದುದು ಅಪ್ಪನ ಕಾಲದ ಪದ್ಧತಿ. ಕೆಂಪು ಮಣ್ಣಿಗೆ ಅದು ಸೇರಿದರೆ ನೀರು ಹಿಡಿಯುವ ಶಕ್ತಿ ಹೆಚ್ಚುತ್ತದೆ, ಕೆರೆಯ ಹೂಳೂ ಕಡಿಮೆಯಾಗುತ್ತದೆ. ಆದರೆ ಅಪ್ಪನ ಊರ ಹತ್ತಿರದ ಕೆರೆಯಲ್ಲಿ ಈಗ ನೀರಿದೆ. ಕೆರೆ ತುಂಬಿರುವುದು ನೋಡಿ ಖುಷಿಪಟ್ಟು ಸುಮ್ಮನಾದೆವು. ಕೊಟ್ಟಿಗೆ ಗೊಬ್ಬರವನ್ನೇ ತರಿಸಿದೆವು. ಅಪ್ಪ ಅದನ್ನು ಮೂಸಿ ನೋಡಿಯೇ ಇಳಿಸಿಕೊಂಡದ್ದು. ಪೂರ್ತಿ ಕಳಿತ ಗೊಬ್ಬರಕ್ಕೆ ಸಗಣಿ ವಾಸನೆ ಇರುವುದಿಲ್ಲ, ಮಳೆ ಬಿದ್ದ ನೆಲದ ವಾಸನೆ ಇರುತ್ತದೆ. ಅರೆಬರೆ ಕಳಿತದ್ದರಲ್ಲಿ ಗೊಣ್ಣೆ ಹುಳ ಇರುತ್ತದೆ, ಹುಲ್ಲಿನ ಬೇರನ್ನು ತಿಂದು ಮುಗಿಸುತ್ತದೆ. ಮೊದಲು ಬಂದ ಲೋಡನ್ನು ಇದೇ ಕಾರಣಕ್ಕೆ ವಾಪಸ್ ಕಳಿಸಿದರು. ಗಾಡಿಯವನು ಮುಖ ಗಂಟಿಕ್ಕಿಕೊಂಡು ಹೋದ.

ಹುಲ್ಲಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನರ್ಸರಿಯಲ್ಲಿ ಬರ್ಮುಡಾ ಅಂತ ದುಡ್ಡಿಗೆ ಮಾರುವ ಹುಲ್ಲಿನ ಮೂಲ ನಮ್ಮ ಗರಿಕೆಯೇ. ಗಣಪತಿಗೆ ಏರಿಸುವ ಗರಿಕೆ. ಅಪ್ಪ ಹೊಲದ ಬದುವಿನಿಂದ ಎರಡು ಚೀಲ ಕಿತ್ತು ತಂದರು. ತುಂಡು ಮಾಡಿ, ಅರ್ಧ ಅಡಿಗೊಂದು ನೆಟ್ಟೆವು. ಜೂನ್ ಕೊನೆಯಲ್ಲಿ ನೆಟ್ಟದ್ದು ಅಕ್ಟೋಬರ್ ಹೊತ್ತಿಗೆ ನೆಲ ಮುಚ್ಚಿತು. ಬೇರು ಕೆಳಗಿಳಿಯಲು ಜಾಗ ಇದ್ದರೆ ಗರಿಕೆಯಂಥ ಗಟ್ಟಿ ಹುಲ್ಲು ಇನ್ನೊಂದಿಲ್ಲ.

ಬಾಡಿಗೆ ಮನೆಯಲ್ಲಿ ಹೆಚ್ಚುಕಮ್ಮಿ ಇಷ್ಟೇ ಜಾಗದ ಲಾನಿಗೆ ದಿನಕ್ಕೆ 12 ಬಕೆಟ್ ಹಾಕುತ್ತಿದ್ದೆ. 15 ಲೀಟರ್ ಬಕೆಟ್, ತಿಂಗಳಿಗೆ 5,400 ಲೀಟರ್. ಹಾಗಿದ್ದೂ ಹುಲ್ಲು ಹಳದಿ. ಈ ಏಪ್ರಿಲ್‌ನಲ್ಲಿ ನಾಲ್ಕು ದಿನಕ್ಕೊಮ್ಮೆ 30 ಬಕೆಟ್ ಹಾಕಿದೆ. ತಿಂಗಳಿಗೆ 3,400 ಲೀಟರ್ ಹತ್ತಿರ. ಎರಡು ಸಾವಿರ ಲೀಟರ್ ಉಳಿಯಿತು. ಮಧ್ಯೆ ಒಂದು ಸಂಜೆ ಗುಡುಗಿನ ಮಳೆ ಬಂದ ವಾರ ನೀರೇ ಹಾಕಲಿಲ್ಲ. ಯಾವಾಗ ಹಾಕಬೇಕು ಅಂತ ತಿಳಿಯಲು ಒಂದು ಉದ್ದ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದೇನೆ. ಸಲೀಸಾಗಿ ಇಳಿದರೆ ಒಳಗೆ ತೇವ ಇದೆ, ಇನ್ನೊಂದು ದಿನ ಕಾಯಬಹುದು. ಮೇಲೆ ಒಣಗಿದ ಹಾಗೆ ಕಂಡರೂ ನಾಲ್ಕು ಇಂಚು ಕೆಳಗೆ ತಂಪಾಗಿರುತ್ತದೆ.

ಮಳೆಯಲ್ಲಿ ನೋಡಬೇಕು ಅದನ್ನು. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಒಂದು ರಾತ್ರಿ 50 ಮಿಲಿಮೀಟರ್ ಬಿದ್ದರೆ ನಮ್ಮ 700 ಚದರಡಿ ಮೇಲೆ ಬೀಳುವುದು ಸುಮಾರು 3,250 ಲೀಟರ್. ಕಳೆದ ವರ್ಷ ಅಂಥ ಒಂದು ರಾತ್ರಿ ಟಾರ್ಚ್ ಹಿಡಿದು ಗೇಟಿನ ಹತ್ತಿರ ನಿಂತು ನೋಡಿದೆ. ರಸ್ತೆ ಹೊಳೆಯಾಗಿತ್ತು. ನಮ್ಮ ತೋಟದ ಕಡೆಯಿಂದ ಮಾತ್ರ ಒಂದು ಸಣ್ಣ ಧಾರೆಯೂ ಹೊರಗೆ ಬರುತ್ತಿರಲಿಲ್ಲ. ಪಕ್ಕದ ಪಟ್ಟಿಯಲ್ಲಿ, ಆರು ಇಂಚು ಹಾಕಿದ ಕಡೆ, ಸ್ವಲ್ಪ ನೀರು ನಿಂತಿತ್ತು. ಆ ಒಂದೂವರೆ ಲೋಡ್ ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ಅಲ್ಲಿನ ಕನಕಾಂಬರಕ್ಕೆ ಇವತ್ತಿಗೂ ಒಂದು ದಿನ ಮೊದಲೇ ನೀರು ಬೇಕು.

ಇದನ್ನೆಲ್ಲ ಬರೆದು, ಎರಡು ಮಣ್ಣು ಪರೀಕ್ಷೆ ಚೀಟಿ ಲಗತ್ತಿಸಿ, ಪ್ಲಾನ್ ಮಂಜೂರು ಮಾಡುವ ಕಚೇರಿಗೆ ಒಂದು ಮನವಿ ಕೊಟ್ಟಿದ್ದೇನೆ. ಮಳೆನೀರು ಕೊಯ್ಲಿನ ಷರತ್ತಿನ ಪಕ್ಕದಲ್ಲಿ ಮೇಲ್ಮಣ್ಣಿಗೂ ಒಂದು ಸಾಲು ಸೇರಿಸಿ ಅಂತ. ಸ್ವೀಕೃತಿಯ ಮುದ್ರೆ ಹಾಕಿ ಕೊಟ್ಟರು. ಮೂರು ತಿಂಗಳಾಯಿತು, ಉತ್ತರ ಬಂದಿಲ್ಲ. ಮತ್ತೆ ಹೋಗುತ್ತೇನೆ.

ಪಕ್ಕದ ಸೈಟಿನ ಮೇಷ್ಟ್ರು ಈಗ ಮನೆ ಕಟ್ಟಿಸಲು ಹೊರಟಿದ್ದಾರೆ. ಮುಂದಿನ ತಿಂಗಳು ಗುದ್ದಲಿ ಪೂಜೆ. ಮೊನ್ನೆ ಬಂದು ನಮ್ಮ ಕರಾರಿನ ಪ್ರತಿ ತೆಗೆದುಕೊಂಡು ಹೋದರು. ‘ನಿಮ್ಮ ಮಣ್ಣು ನಮ್ಮ ಸೈಟಲ್ಲಿ ಇಟ್ಟಿದ್ದಿರಿ. ನಮ್ಮದು ಎಲ್ಲಿ ಇಡೋಣಮ್ಮ?’ ಅಂತ ಕೇಳಿದರು. ಸುತ್ತ ಈಗ ಖಾಲಿ ಸೈಟು ಒಂದೂ ಉಳಿದಿಲ್ಲ. ನಮ್ಮ ಕಾರು ನಿಲ್ಲಿಸುವ ಜಾಗದಲ್ಲಿ ಎರಡು ಲೋಡ್ ಹಿಡಿಸಬಹುದು, ಕಾರು ರಸ್ತೆಯಲ್ಲಿ ನಿಲ್ಲಲಿ. ಉಳಿದದ್ದಕ್ಕೆ ಲೇಔಟಿನ ಪಾರ್ಕಿನ ಮೂಲೆಯನ್ನು ಕೇಳೋಣ ಅಂತ ಮಾತಾಡಿಕೊಂಡಿದ್ದೇವೆ. ಅಪ್ಪ ಆಗಲೇ ಒಂದು ಸೇರು ಹುರುಳಿ ಬೀಜ ಎತ್ತಿಟ್ಟಿದ್ದಾರೆ.